ನೀರು ಇಳಿದ ಮೇಲೆ ಶೆಟ್ಟಿಹಳ್ಳಿ ಹಿನ್ನೀರಿನಲ್ಲಿ ಒಂದು ಬೆಳಗಿನ ನಡಿಗೆ

ಹೇಮಾವತಿ ಹಿನ್ನೀರಿಗೆ ನಡೆಯಲು ಹೋಗುವ ದಿನವನ್ನು ನಾನು ಪತ್ರಿಕೆ ನೋಡಿ ಗೊತ್ತುಮಾಡುತ್ತೇನೆ. ಒಳಪುಟದ ಮೂಲೆಯಲ್ಲಿ ಸಣ್ಣ ಅಕ್ಷರಗಳಲ್ಲಿ ಜಲಾಶಯಗಳ ಮಟ್ಟ ಬರುತ್ತದಲ್ಲ, ಆ ಪಟ್ಟಿಯನ್ನು. ಹೇಮಾವತಿಯ ಗರಿಷ್ಠ ಮಟ್ಟ 2922 ಅಡಿ. ಅದರ ಪಕ್ಕದಲ್ಲಿ ಇಂದಿನ ಮಟ್ಟ, ಒಳಹರಿವು, ಹೊರಹರಿವು ಇರುತ್ತವೆ. ಇಂದಿನ ಮಟ್ಟ 2922ರ ಹತ್ತಿರವಿದ್ದರೆ ಶೆಟ್ಟಿಹಳ್ಳಿಯ ಹಳೆಯ ಚರ್ಚು ನೀರಿನ ನಡುವೆ ನಿಂತಿರುತ್ತದೆ, ನಿಮಗೆ ನಡೆಯಲು ನೆಲವೇ ಸಿಗುವುದಿಲ್ಲ. ಮಟ್ಟ ಚೆನ್ನಾಗಿ ಕೆಳಗಿಳಿದು, ಒಳಹರಿವಿಗಿಂತ ಹೊರಹರಿವು ಹೆಚ್ಚಿದ್ದು, ಕೆಲವು ವಾರಗಳಿಂದ ಹಾಗೆಯೇ ಇದ್ದರೆ ನಡಿಗೆಗೆ ದಾರಿ ತೆರೆದಿದೆ ಎಂದರ್ಥ. ಆ 'ಕೆಲವು ವಾರ' ಮುಖ್ಯ. ನಿನ್ನೆ ನೀರು ಬಿಟ್ಟ ನೆಲ ಇಂದು ನಡೆಯುವ ನೆಲವಾಗಿರುವುದಿಲ್ಲ.

ಸಾಮಾನ್ಯವಾಗಿ ಫೆಬ್ರುವರಿಯ ಕೊನೆಯಿಂದ ಮೇ ನಡುವಿನವರೆಗೆ ಒಳ್ಳೆಯ ಕಾಲ. ಮಳೆ ಹೆಚ್ಚಾದ ವರ್ಷ ನೀರು ತಡವಾಗಿ ಇಳಿಯುತ್ತದೆ, ಆಗ ಮಾರ್ಚ್ ಕಳೆಯುವವರೆಗೆ ಕಾಯಬೇಕು. ಹಾಸನದ ಆಕಾಶ ನೋಡಿ ಲೆಕ್ಕ ಹಾಕಬೇಡಿ. ಹೇಮಾವತಿ ಹುಟ್ಟುವುದು ಮೂಡಿಗೆರೆ ತಾಲ್ಲೂಕಿನ ಬಲ್ಲಾಳರಾಯನದುರ್ಗದ ಬಳಿ. ಸಕಲೇಶಪುರವನ್ನು ಹಾದು ಗೊರೂರಿಗೆ ಬರುತ್ತಾಳೆ, ಯಗಚಿಯೂ ಗೊರೂರಿನ ಹತ್ತಿರವೇ ಬಂದು ಸೇರುತ್ತಾಳೆ. ನಮ್ಮ ಮನೆಯ ತಾರಸಿಯ ಮೇಲೆ ಹಪ್ಪಳ ಒಣಗುತ್ತಿರುವಾಗಲೇ ಮಲೆನಾಡಿನಲ್ಲಿ ಮಳೆ ಹೊಡೆದು ಇಲ್ಲಿ ನೀರು ಏರುವುದುಂಟು. ಜೂನ್ ಹೊಸ್ತಿಲಿಗೆ ಬಂತೆಂದರೆ ನಾನು ಈ ನಡಿಗೆಯ ಮಾತು ಎತ್ತುವುದಿಲ್ಲ.

ಯಾರು ಬರಬಹುದು? ನನ್ನ ಅಮ್ಮನಿಗೆ ಎಪ್ಪತ್ತನಾಲ್ಕು. ಮಂಡಿನೋವಿದೆ. ತಮ್ಮನ ಮಗನಿಗೆ ಹನ್ನೊಂದು. ಮೂವರೂ ಹೋಗಿ ಬರುತ್ತೇವೆ. ಹತ್ತುವ ಬೆಟ್ಟವಿಲ್ಲ, ಇಳಿಯುವ ಕಡಿದಾದ ದಾರಿಯಿಲ್ಲ. ರಸ್ತೆಯಿಂದ ಇಳಿದು ಚರ್ಚಿನವರೆಗೆ, ಅಲ್ಲಿಂದ ನೀರಿನ ಅಂಚು ಹಿಡಿದು ಒಂದಿಷ್ಟು ದೂರ, ಮತ್ತೆ ಹಿಂದಕ್ಕೆ: ನಾಲ್ಕೈದು ಕಿಲೋಮೀಟರ್ ಆದರೆ ಹೆಚ್ಚು. ಕೂರುತ್ತ ನಿಲ್ಲುತ್ತ ಮೂರು ಗಂಟೆ ಹಿಡಿಯಿತೆಂದರೂ ಬಿಸಿಲೇರುವ ಮೊದಲು ಮುಗಿಯುತ್ತದೆ, ಬೇಗ ಹೊರಟರೆ ಮಾತ್ರ. ಹಾಸನದಿಂದ ಶೆಟ್ಟಿಹಳ್ಳಿ ಇಪ್ಪತ್ತು ಕಿಲೋಮೀಟರ್ ಆಸುಪಾಸು. ನಾವು ಬೆಳಿಗ್ಗೆ ಆರಕ್ಕೆ ಮನೆ ಬಿಡುತ್ತೇವೆ. ಬಸ್ಸಿನಲ್ಲಿ ಹೋಗುವವರು ಹಿಂದಿನ ದಿನವೇ ಹಾಸನದ ನಿಲ್ದಾಣದಲ್ಲಿ ಹೋಗುವ ಬಸ್ಸಿನ ಜೊತೆಗೆ ಮರಳುವ ಬಸ್ಸಿನ ಸಮಯವನ್ನೂ ಕೇಳಿಕೊಳ್ಳಿ. ಆಟೊದಲ್ಲಿ ಹೋದರೆ ಕಾಯಲು ಒಪ್ಪಿಸಿಕೊಂಡೇ ಇಳಿಯಿರಿ.

ಚೀಲದಲ್ಲಿ ಏನಿರಬೇಕೆಂದರೆ, ಎಲ್ಲಕ್ಕಿಂತ ಮೊದಲು ನೀರು. ತಲೆಗೆ ಎರಡು ಲೀಟರ್. ಕಣ್ಣೆದುರು ಅಷ್ಟೊಂದು ನೀರಿದ್ದರೂ ಕುಡಿಯಲು ಒಂದು ಹನಿಯೂ ಆಗದು. ಎರಡನೆಯದು ಕೊಡೆ. ಹಿನ್ನೀರಿನ ಒಡಲಲ್ಲಿ ಒಂದು ಮರವೂ ಇಲ್ಲ. ವರ್ಷದಲ್ಲಿ ಹಲವು ತಿಂಗಳು ಮುಳುಗುವ ನೆಲದಲ್ಲಿ ಮರ ಹೇಗೆ ಉಳಿದೀತು? ಮೂರನೆಯದು ಹಿಂಭಾಗಕ್ಕೆ ಪಟ್ಟಿಯಿರುವ ಚಪ್ಪಲಿ ಅಥವಾ ಹಳೆಯ ಕ್ಯಾನ್ವಾಸ್ ಷೂ. ಬರಿಗಾಲು ಬೇಡವೇ ಬೇಡ. ಬಸವನಹುಳದ ಒಡೆದ ಚಿಪ್ಪು, ಜಾಲಿಯ ಮುಳ್ಳು, ಬಲೆಯ ತುಂಡು, ಬಂದವರು ಒಡೆದು ಹೋದ ಬಾಟಲಿ, ಎಲ್ಲವೂ ಅದೇ ಮಣ್ಣಿನಲ್ಲಿವೆ. ನಾಲ್ಕನೆಯದು ಎದೆಮಟ್ಟದ ಒಂದು ಬಿದಿರಿನ ಕೋಲು. ಅದೇಕೆಂದು ಮುಂದೆ ಹೇಳುತ್ತೇನೆ.

ತಿಂಡಿಗೆ ನಾನು ಅಕ್ಕಿರೊಟ್ಟಿ ಮತ್ತು ಹುಚ್ಚೆಳ್ಳಿನ ಚಟ್ನಿಪುಡಿ ಕಟ್ಟುತ್ತೇನೆ, ಬಾಳೆ ಎಲೆಯಲ್ಲಿ. ರೊಟ್ಟಿ ಆರಿದರೂ ಕೆಡುವುದಿಲ್ಲ, ಕೈ ತೊಳೆಯಲು ಹೆಚ್ಚು ನೀರು ಬೇಡ, ಎಲೆಯನ್ನು ಯಾವುದಾದರೂ ದನ ತಿನ್ನುತ್ತದೆ. ಮಜ್ಜಿಗೆಗೆ ಉಪ್ಪು ಸ್ವಲ್ಪ ಮುಂದಾಗಿಯೇ ಹಾಕಿ. ಅಲ್ಲಿ ಶೌಚಾಲಯವನ್ನು ನಂಬಿಕೊಂಡು ಹೋಗಬೇಡಿ. ವಯಸ್ಸಾದವರು ಜೊತೆಗಿದ್ದರೆ ಹಾಸನ ಬಿಡುವಾಗಲೇ ಇದನ್ನು ಯೋಚಿಸಿ.

ಈಗ ನೆಲದ ವಿಷಯ. ಈ ನಡಿಗೆಯಲ್ಲಿ ಕಲಿಯಬೇಕಾದದ್ದು ಇದೊಂದೇ, ಮತ್ತು ಇದನ್ನು ಕಲಿಯದೆ ಯಾರೂ ನೀರಿನ ಅಂಚಿಗೆ ಹೋಗಬಾರದು ಎನ್ನುವುದು ನನ್ನ ಖಚಿತ ಅಭಿಪ್ರಾಯ.

ನೀರು ಇಳಿದ ಕೆರೆಯಂಗಳದ ಮಣ್ಣಿಗೆ ಮೂರು ಬಣ್ಣಗಳಿರುತ್ತವೆ. ರಸ್ತೆಯ ಕಡೆಯದು ತಿಳಿ, ಗಟ್ಟಿ, ಸಣ್ಣ ಹುಲ್ಲು ಎದ್ದಿರುತ್ತದೆ. ಅದರ ಆಚೆಯದು ಬಿರುಕು ಬಿಟ್ಟದ್ದು. ಅಂಗೈಯಗಲದ ಹೆಂಟೆಗಳು, ಅಂಚು ಮೇಲಕ್ಕೆ ಮಡಚಿಕೊಂಡು, ಹಳೆಯ ಹಪ್ಪಳದ ಹಾಗೆ. ಅದರಾಚೆ, ನೀರಿಗೆ ತಾಗಿ, ಕಪ್ಪಗೆ ಹೊಳೆಯುವ ಕೆಸರು. ಹೊಳೆಯುವುದಕ್ಕೆ ಯಾರೂ ಕಾಲಿಡುವುದಿಲ್ಲ, ನೋಡಿದರೇ ಭಯವಾಗುತ್ತದೆ. ಮೋಸ ಮಾಡುವುದು ನಡುವಿನದು. ಮೇಲೆ ಒಣಗಿ ಸಿಮೆಂಟಿನಂತೆ ಕಂಡರೂ ಒಳಗೆ ಹಸಿ ಹುಳಿಹಿಟ್ಟಿನ ಹಾಗಿರಬಹುದು. ಬಿರುಕಿನೊಳಗೆ ಬಗ್ಗಿ ನೋಡಿ. ಕೆಳಗಿನ ಮಣ್ಣು ಮೇಲಿನದೇ ಬಣ್ಣದ್ದಾದರೆ ಒಣಗಿದೆ. ಕೆಳಗೆ ಕಪ್ಪಗಿದ್ದರೆ ಕೋಲು ಊರಿ ನೋಡಿ. ಒಂದು ಗೇಣಿಗಿಂತ ಹೆಚ್ಚು ಇಳಿದರೆ ಸುತ್ತು ಬಳಸಿ ಹೋಗಿ. ಕೋಲು ಬೇಕಾದದ್ದು ಇದಕ್ಕೆ.

ಕೋಲಿಗಿಂತಲೂ ನಂಬಬಹುದಾದದ್ದು ದನದ ಹೆಜ್ಜೆ. ಸುತ್ತಲಿನ ಹಳ್ಳಿಗಳ ದನಗಳು ಬೇಸಿಗೆಯೆಲ್ಲ ಇಲ್ಲಿ ಮೇಯುತ್ತವೆ. ಗೊರಸಿನ ಗುರುತು ತೆಳುವಾಗಿದ್ದು ಎರಡು ಎಸಳೂ ಸ್ಪಷ್ಟವಾಗಿ ಮೂಡಿದ್ದರೆ ನೆಲ ಭಾರ ತಡೆದಿದೆ. ಗುರುತು ಆಳದ ಗುಳಿಯಾಗಿ, ಅದರಲ್ಲಿ ನೀರು ನಿಂತಿದ್ದರೆ ಆ ದನ ಕಷ್ಟಪಟ್ಟು ಕಾಲು ಕಿತ್ತಿದೆ. ಹೆಜ್ಜೆಗಳೇ ಇಲ್ಲದ ಕಡೆ? ದನಕ್ಕೆ ಬೇಡವಾದ ದಾರಿ ನನಗೂ ಬೇಡ.

ಹಿನ್ನೀರಿನಲ್ಲಿ ಸಣ್ಣ ಸಣ್ಣ ದಿಬ್ಬಗಳಿವೆ. ನೀರು ಅರ್ಧ ಇಳಿದಾಗ ಅವು ನಡುಗಡ್ಡೆಗಳು, ಇನ್ನೂ ಇಳಿದಾಗ ದಡಕ್ಕೆ ಕೂಡಿಕೊಳ್ಳುತ್ತವೆ. ಮಕ್ಕಳಿಗೆ ನಡುಗಡ್ಡೆಗೆ ಹೋಗುವ ಆಸೆ ತಡೆಯಲಾಗದು. ನೆನಪಿಡಬೇಕಾದ ವಿಷಯವೆಂದರೆ ದಿಬ್ಬ ಮೊದಲು ಒಣಗುತ್ತದೆ, ದಡಕ್ಕೂ ದಿಬ್ಬಕ್ಕೂ ನಡುವಿನ ತಗ್ಗು ಕೊನೆಗೆ ಒಣಗುತ್ತದೆ. ಎರಡು ವರ್ಷದ ಹಿಂದೆ ಇದೇ ತಗ್ಗಿನಲ್ಲಿ ತಮ್ಮನ ಮಗ ಮೊಣಕಾಲಿನವರೆಗೆ ಹೂತುಕೊಂಡ. ಎದುರಿನ ದಿಬ್ಬ ಬೆಳ್ಳಗೆ ಒಣಗಿ ಕಾಣುತ್ತಿತ್ತು, ನಾನೇ 'ಹೋಗು' ಎಂದಿದ್ದೆ. 'ಅತ್ತೆ, ಕಾಲು ಬರುತ್ತಿಲ್ಲ' ಎಂದ ದನಿ ಈಗಲೂ ಕಿವಿಯಲ್ಲಿದೆ. ನಾನು ಓಡಿಹೋಗಿ ಎಳೆಯಲು ಹೊರಟಾಗ ಅಲ್ಲೇ ಬಲೆ ಒಣಗಿಸುತ್ತಿದ್ದವರೊಬ್ಬರು ಕೂಗಿ ತಡೆದರು. ನೇರ ಮೇಲಕ್ಕೆ ಎಳೆದರೆ ಕೆಸರು ಇನ್ನಷ್ಟು ಬಿಗಿ ಹಿಡಿಯುತ್ತದಂತೆ. ಅವರು ಹೇಳಿದ ಹಾಗೆ ಕೋಲನ್ನು ಅವನ ಮುಂದೆ ಅಡ್ಡ ಮಲಗಿಸಿದೆವು. ಅವನು ಅದರ ಮೇಲೆ ಎದೆಯ ಭಾರ ಹಾಕಿ ಬಾಗಿ, ಪಾದವನ್ನು ಅತ್ತಿತ್ತ ಅಲುಗಿಸಿ, ಮಣ್ಣಿನೊಳಗೆ ಗಾಳಿ ಹೋಗುವ ಸದ್ದು ಬಂದ ಮೇಲೆ ನಿಧಾನವಾಗಿ ಕಾಲು ತೆಗೆದ. ಒಂದು ಚಪ್ಪಲಿ ಅಲ್ಲೇ ಉಳಿಯಿತು. ಅಂದಿನಿಂದ ತಗ್ಗನ್ನು ನಾನು ಮೊದಲು ದಾಟುತ್ತೇನೆ, ಅವನು ನನ್ನ ಹೆಜ್ಜೆಯ ಮೇಲೆಯೇ ಹೆಜ್ಜೆ ಇಡುತ್ತಾನೆ.

ನೀರಿಗೆ ಇಳಿಯಲೇಬೇಡಿ, ಈಜು ಬರುತ್ತದೆ ಎನ್ನುವವರೂ ಇಳಿಯಬೇಡಿ. ಇದು ಊರುಗಳಿದ್ದ ನೆಲ. ಊರೆಂದ ಮೇಲೆ ಬಾವಿ, ಹೊಂಡ, ಕಲ್ಲು ತೆಗೆದ ಗುಂಡಿ ಇದ್ದೇ ಇರುತ್ತವೆ. ಮೇಲಿನಿಂದ ಎಲ್ಲವೂ ಮೊಣಕಾಲುದ್ದದ ನೀರಿನ ಹಾಗೆಯೇ ಕಾಣುತ್ತವೆ.

ದಿಬ್ಬದ ಮೇಲೆ ಹೋದಾಗ ಟಿಟ್ಟಿಭ ತಲೆಯ ಮೇಲೆ ಸುತ್ತಿ ಚೀರತೊಡಗಿದರೆ ಅಲ್ಲೇ ನಿಲ್ಲಿ, ಕಾಲ ಬುಡವನ್ನು ನೋಡಿ. ಅದು ಗೂಡು ಕಟ್ಟುವುದಿಲ್ಲ, ಬಯಲು ನೆಲದ ಸಣ್ಣ ಗುಳಿಯಲ್ಲಿ ಮೊಟ್ಟೆ ಇಡುತ್ತದೆ, ಸಾಮಾನ್ಯವಾಗಿ ನಾಲ್ಕು. ಮಣ್ಣಿನ ಬಣ್ಣದ ಮೇಲೆ ಕಪ್ಪು ಚುಕ್ಕೆ. ಪಕ್ಕದ ಬೆಣಚುಕಲ್ಲಿಗೂ ಮೊಟ್ಟೆಗೂ ವ್ಯತ್ಯಾಸ ತಿಳಿಯಲು ನನಗೆ ಪೂರಾ ಒಂದು ನಿಮಿಷ ಬೇಕಾಯಿತು. ನೀವು ಹತ್ತಿರವೇ ನಿಂತಷ್ಟು ಹೊತ್ತು ತಾಯಿ ಮೊಟ್ಟೆಯ ಮೇಲೆ ಕೂರಲಾರದು, ಏಪ್ರಿಲ್ ಬಿಸಿಲು ಮೊಟ್ಟೆಯನ್ನು ಸುಡುತ್ತದೆ. ಬಂದ ಹೆಜ್ಜೆಯಲ್ಲೇ ಹಿಂದೆ ಸರಿಯಿರಿ.

ಚರ್ಚನ್ನು 1860ರ ಸುಮಾರಿಗೆ ಫ್ರೆಂಚ್ ಮಿಷನರಿಗಳು ಕಟ್ಟಿಸಿದರು. ಗೊರೂರಿನ ಅಣೆಕಟ್ಟೆ 1979ರಲ್ಲಿ ಮುಗಿದ ಮೇಲೆ ಊರು ಎದ್ದುಹೋಯಿತು, ಚರ್ಚು ಉಳಿಯಿತು. ಚಾವಣಿಯಿಲ್ಲ. ಎತ್ತರದ ಕಮಾನುಗಳಿವೆ, ಕಮಾನಿನ ನಡುವೆ ಆಕಾಶವಿದೆ. ಬೆಳಗಿನ ಏಳೂವರೆಗೆ ಬಿಸಿಲು ಕಿಟಕಿಗಳ ಮೂಲಕ ಓರೆಯಾಗಿ ಒಳಬಂದು ನೆಲದ ಮೇಲೆ ಉದ್ದುದ್ದ ಬೀಳುತ್ತದೆ. ಫೋಟೊಗೆ ಅದೇ ಸಮಯ. ಆದರೆ ಕಮಾನಿನ ಕೆಳಗೆ ನಿಲ್ಲಬೇಡಿ, ಗೋಡೆಗೆ ಒರಗಬೇಡಿ, ನೆರಳಿದೆಯೆಂದು ಊಟಕ್ಕೆ ಕೂರಬೇಡಿ. ನಲವತ್ತು ವರ್ಷಕ್ಕೂ ಮೀರಿ ನೆನೆದು ಒಣಗಿ ನೆನೆದು ಒಣಗಿರುವ ಗಾರೆ ಅದು. ಕೈ ಸವರಿದರೆ ಬೆರಳಿಗೆ ಪುಡಿ ಅಂಟುತ್ತದೆ. ಗೋಡೆಯ ಎತ್ತರದಷ್ಟು ದೂರ ನಿಂತು ನೋಡಿದರೆ ಕಾಣುವುದೂ ಚೆನ್ನ. ಅದರ ಮೇಲೆ ಹೆಸರು ಕೆತ್ತುವವರನ್ನು ಕಂಡರೆ ನಾನು ಸುಮ್ಮನಿರುವುದಿಲ್ಲ. ಊರಿನವರ ಮದುವೆಗಳಾದ ಜಾಗ ಅದು, ಹೆತ್ತವರನ್ನು ಕಳುಹಿಸಿಕೊಟ್ಟ ಜಾಗ.

ಅಮ್ಮ ಚರ್ಚಿನ ಬಳಿ ಹೆಚ್ಚು ಹೊತ್ತು ನಿಲ್ಲುವುದಿಲ್ಲ. ಅವಳ ತವರೂರು ಇದೇ ನೀರಿನಲ್ಲಿದೆ, ಇನ್ನೂ ಆಳದಲ್ಲಿ. ಎಂಥ ಬರದ ವರ್ಷವೂ ಅದು ಹೊರಗೆ ಬಂದದ್ದನ್ನು ಅವಳು ಕಂಡಿಲ್ಲ. ಬಿರುಕು ನೆಲದ ಅಂಚಿನಲ್ಲಿ ನಿಂತು, ಚರ್ಚನ್ನು ಬೆನ್ನಿಗೆ ಮಾಡಿಕೊಂಡು, ಬಲಗೈ ಚಾಚಿ ಅಂದಾಜು ಹಾಕುತ್ತಾಳೆ. ಕಳೆದ ವರ್ಷ ಕಾಲ ಬಳಿ ಒಂದು ಹೆಂಚಿನ ಚೂರು ಸಿಕ್ಕಿತು. ಅಂಚೆಲ್ಲ ನೀರಿಗೆ ಸವೆದು ನುಣುಪಾಗಿತ್ತು. ಒಳಬದಿಯಲ್ಲಿ ಕುಂಬಾರನ ಬೆರಳು ಎಳೆದ ಗೆರೆ ಮಾತ್ರ ಹಾಗೆಯೇ ಇತ್ತು. ಅಮ್ಮ ಆ ಗೆರೆಯ ಮೇಲೆ ತನ್ನ ಬೆರಳಿಟ್ಟು, 'ನಾಡಹೆಂಚು' ಎಂದಳು. ಸ್ವಲ್ಪ ಹೊತ್ತು ಹಿಡಿದುಕೊಂಡಿದ್ದು ಸಿಕ್ಕಿದ ಜಾಗದಲ್ಲೇ ಇಟ್ಟಳು. ಇಂಥವು ನಿಮಗೂ ಸಿಗುತ್ತವೆ. ನೋಡಿ, ಮುಟ್ಟಿ, ಮನೆಗೆ ತರಬೇಡಿ.

ಹತ್ತು ಗಂಟೆಗೆ ಹಿಂತಿರುಗಲು ಶುರುಮಾಡಿ. ಏಪ್ರಿಲ್ ಕೊನೆಯಲ್ಲಾದರೆ ಆಕಾಶದ ಮೇಲೊಂದು ಕಣ್ಣಿರಲಿ. ಭರಣಿ ಮಳೆ ಬಂದರೆ ಧರಣಿಯೆಲ್ಲ ಬೆಳೆ ಎಂದು ರೈತ ಕಾಯುವ ಮಳೆ ಅದು, ಸಾಮಾನ್ಯವಾಗಿ ಮಧ್ಯಾಹ್ನದ ಮೇಲೆ ಗುಡುಗು ಸಿಡಿಲಿನೊಂದಿಗೆ ಬರುತ್ತದೆ. ಬಟ್ಟಬಯಲಿನಲ್ಲಿ ಎಲ್ಲಕ್ಕಿಂತ ಎತ್ತರದ ವಸ್ತು ನೀವೇ ಆಗಿರುತ್ತೀರಿ. ಗುಡುಗು ಕೇಳಿದರೆ ಕೊಡೆ ಮಡಚಿ ನೇರ ವಾಹನದ ಒಳಗೆ ಹೋಗಿ, ಚರ್ಚಿನೊಳಗೆ ಓಡಬೇಡಿ. ಮಳೆಗಾಲದಲ್ಲಿ ಬರುವವರಿಗೆ ನನ್ನ ಸಲಹೆ ಚಿಕ್ಕದು: ದಡದಿಂದ ನೋಡಿ ಸಾಕು. ತೆಪ್ಪದಲ್ಲಿ ಹೋಗುವುದಾದರೆ ಎಲ್ಲರಿಗೂ ಲೈಫ್ ಜಾಕೆಟ್ ಇದ್ದರೆ ಮಾತ್ರ ಹತ್ತಿ.

ಸಮಯ ಉಳಿದರೆ ಗೊರೂರಿಗೆ ಹೋಗಿ ಹೊಳೆದಂಡೆಯ ಯೋಗಾನರಸಿಂಹನ ದರ್ಶನ ಮಾಡಿಕೊಂಡು ಹಾಸನಕ್ಕೆ ಮರಳಬಹುದು.

ಮನೆಗೆ ಬಂದ ಮೇಲೆ ಷೂಗಳನ್ನು ಕೂಡಲೇ ತೊಳೆಯಬೇಡಿ. ಆ ಜೇಡಿ ಹಸಿಯಿದ್ದಾಗ ಉಜ್ಜಿದಷ್ಟೂ ಒಳಗೆ ಇಳಿಯುತ್ತದೆ. ಒಂದು ದಿನ ಒಣಗಿಸಿ ಗೋಡೆಗೆ ಬಡಿದರೆ ಹೆಂಟೆಯಾಗಿ ಉದುರುತ್ತದೆ. ಇನ್ನೊಂದು ಕೆಲಸ, ಅಂದೇ ರಾತ್ರಿ ಮಾಡುವಂಥದು. ಒಂದು ನೋಟ್‌ಬುಕ್ಕಿನಲ್ಲಿ ಆ ದಿನದ ದಿನಾಂಕ, ಪತ್ರಿಕೆಯಲ್ಲಿದ್ದ ಮಟ್ಟ, ಎಲ್ಲಿಯವರೆಗೆ ನಡೆಯಲು ಸಾಧ್ಯವಾಯಿತು, ಯಾವ ತಗ್ಗು ಹಸಿಯಿತ್ತು ಎಂದು ಬರೆದಿಡಿ. ಮುಂದಿನ ವರ್ಷ ಅದೇ ಮಟ್ಟ ಬಂದಾಗ ಹೊರಡುವುದೋ ಇನ್ನೊಂದು ವಾರ ತಡೆಯುವುದೋ ಎಂದು ಆ ಪುಟವೇ ಹೇಳುತ್ತದೆ. ನಮ್ಮ ಮನೆಯಲ್ಲಿ ಅದಕ್ಕೆ ಏಳು ಪುಟಗಳಾಗಿವೆ. ಶಿವರಾತ್ರಿ ಕಳೆದ ಮೇಲೆ ಬೆಳಿಗ್ಗೆ ಪತ್ರಿಕೆ ಬಿದ್ದ ಸದ್ದಾದರೆ ಸಾಕು, ಅಮ್ಮ ಅಡುಗೆಮನೆಯಿಂದಲೇ ಕೇಳುತ್ತಾಳೆ, 'ಎಷ್ಟು ಇಳಿಯಿತು, ನೋಡು.'