ಆಯಾಗಳ ಕೈಗೆ ಕ್ಲೋರೋಸ್ಕೋಪ್ ಕೊಟ್ಟ ಮೇಲೆ

ತಾಲೂಕು ಆಸ್ಪತ್ರೆಯಲ್ಲಿ ಸೋಂಕು ನಿಯಂತ್ರಣ ನೋಡಿಕೊಳ್ಳುವ ನರ್ಸ್ ನಾನು. ಮಳೆಗಾಲಕ್ಕೆ ಮುಂಚೆ ಆಯಾಗಳು, ವಾರ್ಡ್ ಬಾಯ್‌ಗಳು, ಅಡುಗೆಮನೆಯವರಿಗೆಲ್ಲ ನೀರಿನಿಂದ ಬರುವ ಕಾಯಿಲೆಗಳ ಬಗ್ಗೆ ತರಬೇತಿ ಕೊಡಿ ಅಂದರು. ಸ್ಲೈಡುಗಳು ರೆಡಿ ಇದ್ದವು. ಪಕ್ಕಕ್ಕಿಟ್ಟೆ. ವಾಂತಿ ಭೇದಿ ರೋಗಿಯ ಬೆಡ್‌ಪ್ಯಾನ್ ತೊಳೆಯುವವರಿಗೆ ಕಾಲರಾ ಅಂದರೇನು ಅಂತ ಪರದೆ ಮೇಲೆ ತೋರಿಸಬೇಕಾ?

ಬದಲಿಗೆ ಅವರನ್ನೇ ಕೇಳಿದೆ, ಕಾಮಾಲೆ ಯಾಕೆ ಬರುತ್ತೆ ಅಂತ. "ಮೈಯಲ್ಲಿ ಉಷ್ಣ ಜಾಸ್ತಿ ಆಗಿ" ಅಂದರು ಒಬ್ಬರು. "ಮೊನ್ನೆ ಹೋಟೆಲ್‌ನಲ್ಲಿ ತಿಂದದ್ದಕ್ಕೆ ಸಿಸ್ಟರ್" ಅಂದರು ಇನ್ನೊಬ್ಬರು. ಕಾಮಾಲೆ ತರುವ ಹೆಪಟೈಟಿಸ್ ಎ ವೈರಸ್ ಹೊಟ್ಟೆ ಸೇರಿ ಕಾಯಿಲೆ ಕಾಣಿಸಿಕೊಳ್ಳಲು ಸುಮಾರು ನಾಲ್ಕು ವಾರ ಬೇಕು. ಸುಮ್ನೆ ಮೊನ್ನೆಯ ಹೋಟೆಲನ್ನು ಬೈದರೆ ಏನು ಬಂತು, ಹೋದ ತಿಂಗಳು ಎಲ್ಲಿ ನೀರು ಕುಡಿದಿರಿ ಹೇಳಿ ಅಂದೆ. ಕಾಲರಾ ಆದರೆ ಕೆಲವೇ ಗಂಟೆಗಳಿಂದ ಐದು ದಿನದೊಳಗೆ ಕಾಣಿಸುತ್ತದೆ. ನೀರಿನಿಂದಲೇ ಬರುವ ಇನ್ನೊಂದು ಕಾಮಾಲೆ, ಹೆಪಟೈಟಿಸ್ ಇ, ಬಸುರಿಯರ ಜೀವಕ್ಕೇ ಕುತ್ತು ತರಬಹುದು ಅಂದಾಗ ಹೆರಿಗೆ ವಾರ್ಡಿನವರು ಮುಂದೆ ಬಂದು ಕೂತರು.

ಆಮೇಲೆ ಕ್ಲೋರೋಸ್ಕೋಪ್ ತಂದೆ, ರೋಗಾಣು ಕೊಲ್ಲುವ ಕ್ಲೋರಿನ್ ನೀರಿನಲ್ಲಿ ಉಳಿದಿದೆಯಾ ಅಂತ ನೋಡುವ ಕಿಟ್ ಅದು. ನಮ್ಮ ನೀರು ಕನ್ನಡಿ ಹಾಗಿದೆ ಅನ್ನುವುದು ಎಲ್ಲರ ಮಾತು. ಟ್ಯೂಬಿಗೆ ನೀರು ತುಂಬಿ ಔಷಧಿಯ ಹನಿ ಹಾಕಿದರೆ, ಕ್ಲೋರಿನ್ ಇದ್ದಲ್ಲಿ ಹಳದಿ ಬಣ್ಣ ಬರಬೇಕು. ಸಂಪಿನ ನೀರು ಹಳದಿ ತಿರುಗಿತು. ಮೇಲಿನ ಮಹಡಿಯ ಕೊನೆಯ ನಲ್ಲಿಯದ್ದು ಬಣ್ಣವೇ ಬಿಡಲಿಲ್ಲ. ಅದೇ ನಲ್ಲಿಯಲ್ಲಿ ದಿನಾ ಬಾಟಲಿ ತುಂಬಿಸುವವರು ಮುಖ ಮುಖ ನೋಡಿಕೊಂಡರು. ನಲ್ಲಿಯಲ್ಲಿ ಲೀಟರಿಗೆ ಕನಿಷ್ಠ 0.2 ಮಿಲಿಗ್ರಾಂ ಕ್ಲೋರಿನ್ ಉಳಿದಿರಬೇಕು.

ಕಾರಣ ಹುಡುಕಿದ್ದೂ ಅವರೇ. ಮಹಡಿ ಟ್ಯಾಂಕಿಗೆ ಮುಚ್ಚಳ ಸರಿಯಾಗಿ ಕೂರುತ್ತಿರಲಿಲ್ಲ, ಒಳಗೆ ಪಾಚಿ. ಬ್ಲೀಚಿಂಗ್ ಪೌಡರ್ ಚೀಲ ಬಾಯಿ ತೆರೆದು ಒದ್ದೆ ಮೂಲೆಯಲ್ಲಿ ಬಿದ್ದಿತ್ತು. ಹೊಸ ಪೌಡರಿನಲ್ಲಿ ಸುಮಾರು 33% ಕ್ಲೋರಿನ್ ಇರುತ್ತದೆ, ಗಾಳಿ, ಬೆಳಕು, ತೇವ ತಾಗಿದರೆ ಹಾರಿಹೋಗುತ್ತದೆ. ಒಳ್ಳೆಯ ಪೌಡರ್ ಆದರೆ ತಿಳಿನೀರಿಗೆ ಸಾವಿರ ಲೀಟರಿಗೆ 2.5 ಗ್ರಾಂ ಸಾಕು. ಬಕೆಟ್ಟಿನಲ್ಲಿ ಕಲಸಿ, ಸುಣ್ಣ ತಳಕ್ಕೆ ಇಳಿದ ಮೇಲೆ ಮೇಲಿನ ತಿಳಿಯನ್ನಷ್ಟೇ ಟ್ಯಾಂಕಿಗೆ ಸುರಿದು, ಒಂದು ಗಂಟೆ ಬಿಟ್ಟು ಮತ್ತೆ ಪರೀಕ್ಷೆ. ಬಣ್ಣ ಬರದಿದ್ದರೆ ಇನ್ನಷ್ಟು ಹಾಕಬೇಕು. ಚಮಚದ ಲೆಕ್ಕ ನಂಬಬೇಡಿ, ಬಣ್ಣ ನಂಬಿ ಅಂತ ಹೇಳಿಕೊಟ್ಟೆ.

ಕೈ ತೊಳೆಯುವ ವಿಷಯಕ್ಕೆ ಬಂದಾಗ ಸ್ವಲ್ಪ ಜಗಳವೇ ಆಯಿತು. ಸ್ಯಾನಿಟೈಜರ್ ಇದೆಯಲ್ಲ ಅಂತ ಅವರು. ಭೇದಿ ತರುವ ನೊರೋವೈರಸ್‌ಗೆ ಅದು ಅಷ್ಟಾಗಿ ಬಗ್ಗುವುದಿಲ್ಲ, ಸೋಪು ನೀರೇ ಬೇಕು ಅಂತ ನಾನು. "ಸೋಪು ಎಲ್ಲಿದೆ ತೋರಿಸಿ ಸಿಸ್ಟರ್" ಅಂದರು ಹಿರಿಯ ಆಯಾ ಒಬ್ಬರು. ಅವರ ಮಾತು ನ್ಯಾಯವಾದದ್ದು. ಬೆಡ್‌ಪ್ಯಾನ್ ತೊಳೆಯುವ ಸ್ಲೂಸ್ ರೂಮಿನಲ್ಲಿ ಸೋಪಿಲ್ಲ, ಇವರಿಗೆ ಅಂತ ಕುಡಿಯುವ ನೀರಿನ ಜಾಗವೂ ಇಲ್ಲ. ಇವೆರಡನ್ನೂ ಕೊಡದೆ ಅರಿವು ಮೂಡಿಸುವ ಕಾರ್ಯಕ್ರಮ ಮಾಡುವುದು ಫೋಟೋಗೆ ಅಷ್ಟೇ. ಸೋಪು ಬೇಗ ಬಂತು. ಫಿಲ್ಟರ್‌ಗೆ ಇನ್ನೂ ಓಡಾಡುತ್ತಿದ್ದೇನೆ.

ಈಗ ಬೆಳಗಿನ ಪಾಳಿಯವರೇ ಪರೀಕ್ಷೆ ಮಾಡಿ ಪುಸ್ತಕದಲ್ಲಿ ಬರೆಯುತ್ತಾರೆ. ಬಣ್ಣ ಬರದಿದ್ದರೆ ಪಂಪ್ ಆಪರೇಟರ್‌ಗೆ ನೇರವಾಗಿ ಫೋನ್. ಮೊದಮೊದಲು ಆಯಾಗಳು ನನಗೆ ಹೇಳುವುದಾ ಅಂತ ಅವನಿಗೆ ಮುನಿಸಿತ್ತು, ಈಗ ರೂಢಿಯಾಗಿದೆ. ಒಬ್ಬ ಆಯಾ ತಮ್ಮ ಬೀದಿಯಲ್ಲಿ ನೀರು ಬಿಟ್ಟಾಗ ಮೊದಲು ಬರುವ ಕಲಕು ನೀರನ್ನು ಗಿಡಕ್ಕೆ ಹಾಕುತ್ತಾರಂತೆ. ಪೈಪ್ ಖಾಲಿಯಿದ್ದಾಗ ಒಡೆದ ಜಾಗದಿಂದ ಚರಂಡಿ ನೀರು ಒಳಗೆ ಎಳೆದುಕೊಳ್ಳುತ್ತದೆ ಅಂತ ಅಕ್ಕಪಕ್ಕದವರಿಗೂ ಹೇಳಿದ್ದಾರೆ. ರಾತ್ರಿ ಪಾಳಿಯವರನ್ನು ಇನ್ನೂ ಹಿಡಿಯಲು ಆಗಿಲ್ಲ. ಕಿಟ್‌ನ ಔಷಧಿಯೂ ಮುಗಿಯುತ್ತಾ ಬಂದಿದೆ, ಹೊಸದು ಬೇಕು ಅಂತ ಇಂಡೆಂಟ್ ಹಾಕಿದ್ದೇನೆ.