ನಾಲಿಗೆಯಡಿ ಇಡುವ ಮಾತ್ರೆ: ಓಪಿಯಾಯ್ಡ್ ಚಟದ ಚಿಕಿತ್ಸೆಯನ್ನು ನಾವು ಮಾಡುವ ರೀತಿ

ಓಪಿಯಾಯ್ಡ್ (ಹೆರಾಯಿನ್‌ನಂಥ ಅಫೀಮಿನ ಬಗೆಯ ಮಾದಕ) ಚಟಕ್ಕೆ ನಾಲಿಗೆಯಡಿ ಇಡುವ ಮಾತ್ರೆ ಬ್ಯುಪ್ರೆನಾರ್ಫಿನ್. ಅದನ್ನು ಶುರು ಮಾಡುವ ದಿನ ನಾವು ಮೊದಲು ಕೇಳುವ ಪ್ರಶ್ನೆ ಒಂದೇ: ‘ಕೊನೇ ಸಲ ಯಾವಾಗ ತಗೊಂಡ್ರಿ?’ ಎಷ್ಟು ವರ್ಷದ ಚಟ, ಯಾರ ಸಹವಾಸ, ಮನೆಯಲ್ಲಿ ಯಾರಿದ್ದಾರೆ, ಇದೆಲ್ಲ ಆಮೇಲೆ ಬರೆದುಕೊಳ್ಳಬಹುದು. ಈ ಒಂದು ಉತ್ತರ ತಪ್ಪಿದರೆ ಮಾತ್ರ ಮೊದಲ ಮಾತ್ರೆಯೇ ಉಲ್ಟಾ ಹೊಡೆಯುತ್ತದೆ.

ಕಾರಣ ಇಷ್ಟೆ. ಹೆರಾಯಿನ್, ಬ್ರೌನ್ ಶುಗರ್, ಟ್ಯಾಪೆಂಟಡಾಲ್, ಟ್ರಮಡಾಲ್‌ನಂಥ ನೋವಿನ ಮಾತ್ರೆ ಎಲ್ಲವೂ ಮಿದುಳಿನ ಒಂದೇ ಬಗೆಯ ಗ್ರಾಹಿಗಳ (ಮದ್ದು ಅಂಟಿಕೊಳ್ಳುವ ತಾಣಗಳ) ಮೇಲೆ ಕೂರುತ್ತವೆ. ಬ್ಯುಪ್ರೆನಾರ್ಫಿನ್ ಬಂದರೆ ಬಸ್ಸಿನಲ್ಲಿ ಕೂತವರನ್ನು ಎಬ್ಬಿಸಿ ತಾನು ಸೀಟು ಹಿಡಿದ ಹಾಗೆ ಅವುಗಳನ್ನು ತಳ್ಳಿ ಕೂರುತ್ತದೆ. ಆದರೆ ಅದರ ಪರಿಣಾಮ ಅರೆಬರೆ. ಮೈಯಲ್ಲಿ ಇನ್ನೂ ಹೆರಾಯಿನ್ ಇರುವಾಗಲೇ ಕೊಟ್ಟರೆ, ಪೂರ್ತಿ ಪರಿಣಾಮದಿಂದ ಅರ್ಧಕ್ಕೆ ದಿಢೀರನೆ ಇಳಿದು, ಅರ್ಧ ಮುಕ್ಕಾಲು ಗಂಟೆಯಲ್ಲಿ ವಾಂತಿ, ಭೇದಿ, ಚಳಿ, ತಾಳಲಾರದ ಮೈಕೈ ನೋವು ಶುರುವಾಗುತ್ತದೆ. ಒಮ್ಮೆ ಹೀಗಾದವರು ಮತ್ತೆ ಆ ಮಾತ್ರೆ ಮುಟ್ಟುವುದಿಲ್ಲ. ‘ಅದು ನನಗಾಗಲ್ಲ ಸಾರ್’ ಎಂದು ನಾಲ್ಕು ಜನರಿಗೆ ಹೇಳಿಯೂ ಬಿಡುತ್ತಾರೆ.

ಆದ್ದರಿಂದ ಹೆರಾಯಿನ್, ಬ್ರೌನ್ ಶುಗರ್ ಆದರೆ ಕನಿಷ್ಠ 12 ಗಂಟೆ ಬಿಡುವು ಕೊಟ್ಟು ಬರಲು ಹೇಳುತ್ತೇವೆ. ನಿಧಾನವಾಗಿ ಬಿಡುಗಡೆಯಾಗುವ ನೋವಿನ ಮಾತ್ರೆಗಳಾದರೆ ಇನ್ನೂ ಹೆಚ್ಚು. ರಾತ್ರಿ ಊಟದ ಹೊತ್ತಿಗೆ ಕೊನೆಯದು, ಬೆಳಿಗ್ಗೆ ಹತ್ತಕ್ಕೆ ಕ್ಲಿನಿಕ್ಕು ಎಂದರೆ ಜನರಿಗೆ ಸುಲಭವಾಗಿ ಹೊಂದುತ್ತದೆ. ಗಡಿಯಾರವನ್ನೊಂದೇ ನಂಬುವ ಹಾಗಿಲ್ಲ, ಮೈಯೂ ಹೇಳಬೇಕು. ಹಿಂತೆಗೆತದ (ಮಾದಕ ಸಿಗದಾಗ ಮೈ ಪಡುವ ಸಂಕಟದ) ಲಕ್ಷಣ ಅಳೆಯಲು ‘ಕೌಸ್’ ಎಂಬ 11 ಅಂಶಗಳ ಪಟ್ಟಿ ಇದೆ, ಒಟ್ಟು 48 ಅಂಕ. 5ರಿಂದ 12 ಸೌಮ್ಯ, 13ರಿಂದ 24 ಮಧ್ಯಮ. ನಾವು 10 ದಾಟಿದ ಮೇಲಷ್ಟೇ ಮಾತ್ರೆ ಕೊಡುತ್ತೇವೆ, ಅವಸರವಿಲ್ಲದಿದ್ದರೆ 12. ಆತಂಕ, ಮೂಳೆ ನೋವು ಎಂದು ಬಾಯಲ್ಲಿ ಹೇಳಬಹುದು, ಆದರೆ ಪಾಪೆ ಹಿಗ್ಗುವುದು, ಮೂಗು ಸೋರುವುದು, ಮೈ ನವಿರೇಳುವುದು ನಟಿಸಿದರೆ ಬರುವಂಥದ್ದಲ್ಲ. ತೋಳು ಮಡಿಸಿ ಮುಂಗೈ ಮೇಲೆ ಬೆರಳಾಡಿಸಿದಾಗ ರೋಮದ ಬುಡ ಉಬ್ಬು ಉಬ್ಬಾಗಿ ತಾಕಿದರೆ ಅಷ್ಟಕ್ಕೇ 3 ಅಂಕ. ನಿಮಿಷಕ್ಕೆ ಹಲವು ಬಾರಿ ಆಕಳಿಸಿದರೆ 4.

ಮೊದಲ ಡೋಸು 2 ಮಿ.ಗ್ರಾಂ. ನಮ್ಮಲ್ಲಿ ಬಳಸುವುದು ನಲಾಕ್ಸೋನ್ (ಓಪಿಯಾಯ್ಡ್‌ಗಳ ಪರಿಣಾಮ ತಡೆಯುವ ಔಷಧಿ) ಸೇರಿಸಿದ ಮಾತ್ರೆ: 2 ಮಿ.ಗ್ರಾಂ. ಬ್ಯುಪ್ರೆನಾರ್ಫಿನ್‌ಗೆ 0.5 ಮಿ.ಗ್ರಾಂ. ನಲಾಕ್ಸೋನ್. ಚಿಕ್ಕದು 0.4ಕ್ಕೆ 0.1. ನಲಾಕ್ಸೋನ್ ನಾಲಿಗೆಯಡಿ ಹೆಚ್ಚುಕಡಿಮೆ ಹೀರಿಕೊಳ್ಳುವುದೇ ಇಲ್ಲ. ಯಾರಾದರೂ ಅರೆದು ಸೂಜಿಯಲ್ಲಿ ಹಾಕಿಕೊಂಡರೆ ಮಾತ್ರ ಕೆಲಸ ಮಾಡಿ ಹಿಂತೆಗೆತ ಕೆರಳಿಸುತ್ತದೆ. ಅದನ್ನು ಸೇರಿಸಿರುವುದೇ ಅದಕ್ಕೆ.

ಇಡುವ ಕ್ರಮದಲ್ಲೇ ಅರ್ಧ ಚಿಕಿತ್ಸೆ ಹಾಳಾಗುತ್ತದೆ. ಹಿಂತೆಗೆತದಲ್ಲಿರುವವರ ಬಾಯಿ ಒಣಗಿರುತ್ತದೆ, ಒಣ ಬಾಯಲ್ಲಿ ಮಾತ್ರೆ ಕರಗುವುದಿಲ್ಲ. ಮೊದಲು ಒಂದು ಗುಟುಕು ನೀರು ಕುಡಿಸಿ, ನಾಲಿಗೆ ಎತ್ತಿಸಿ, ಬುಡದಲ್ಲಿ ಒಂದು ಪಕ್ಕಕ್ಕೆ ಇಡಿಸುತ್ತೇವೆ. ಐದರಿಂದ ಹತ್ತು ನಿಮಿಷ ಮಾತಿಲ್ಲ, ಬೀಡಿ ಇಲ್ಲ, ಎಂಜಲು ನುಂಗುವಂತಿಲ್ಲ. ನುಂಗಿದ್ದು ಯಕೃತ್ತಿನಲ್ಲೇ ಬಹುಪಾಲು ವ್ಯರ್ಥವಾಗುತ್ತದೆ. ‘ಮಾತ್ರೆ ಪವರ್ ಇಲ್ಲ ಸಾರ್’ ಎನ್ನುವವರ ಬಾಯಿ ತೆರೆಸಿ ನೋಡಿದರೆ ಬಹಳ ಸಲ ತೊಂದರೆ ಇಲ್ಲಿಯೇ. ಕರಗಿದ ಮೇಲೆ ನೀರಿನಲ್ಲಿ ಬಾಯಿ ಮುಕ್ಕಳಿಸಬೇಕು. ಹಲ್ಲುಜ್ಜಲು ಒಂದು ಗಂಟೆ ಕಾಯಬೇಕು, ಇಲ್ಲದಿದ್ದರೆ ವರ್ಷಗಟ್ಟಲೆ ತೆಗೆದುಕೊಳ್ಳುವವರ ಹಲ್ಲು ಹುಳುಕಾಗಬಹುದು.

ಒಂದೆರಡು ಗಂಟೆ ಬೆಂಚಿನ ಮೇಲೆ ಕೂರಿಸಿ ನೋಡಿ, ಲಕ್ಷಣ ಇಳಿದಿಲ್ಲವೆಂದರೆ ಇನ್ನೊಂದು 2 ಮಿ.ಗ್ರಾಂ. ಮೊದಲ ದಿನ ಒಟ್ಟು 8 ಮಿ.ಗ್ರಾಂ. ದಾಟುವುದಿಲ್ಲ. ಎರಡನೇ ದಿನ ನಿನ್ನೆಯ ಒಟ್ಟನ್ನು ಒಂದೇ ಸಲ ಕೊಟ್ಟು ಬೇಕಾದರೆ ಏರಿಸುತ್ತೇವೆ. ನಮ್ಮಲ್ಲಿ ಹೆಚ್ಚಿನವರು 6ರಿಂದ 12 ಮಿ.ಗ್ರಾಂ. ನಡುವೆ ನಿಲ್ಲುತ್ತಾರೆ, ಕೆಲವರಿಗೆ 16 ಬೇಕಾಗುತ್ತದೆ. ಸರಿಯಾದ ಡೋಸಿನ ಗುರುತು: ರಾತ್ರಿ ನಿದ್ದೆ, ಬೆಳಗಿನ ಜಾವ ಬೆವರಿಲ್ಲ, ಮಧ್ಯಾಹ್ನ ತೂಕಡಿಕೆ ಇಲ್ಲ, ‘ಬೇಕು ಬೇಕು’ ಅನ್ನುವ ಎಳೆತ ತಗ್ಗಿರುವುದು. ಡೋಸು ಕಡಿಮೆ ಇಟ್ಟು ರೋಗಿಯ ಮನೋಬಲ ಪರೀಕ್ಷಿಸುವ ವೈದ್ಯರಿದ್ದಾರೆ. ಹಾಗೆ ಮಾಡಿದರೆ ಆ ಕೊರತೆಯನ್ನು ಅವರು ಸಂಜೆ ಹೊರಗೆ ತುಂಬಿಕೊಳ್ಳುತ್ತಾರೆ.

ಅವಸರವಾಗಿ ಕೊಟ್ಟು ಹಿಂತೆಗೆತ ಕೆರಳಿಯೇ ಬಿಟ್ಟರೆ ಹೆದರಿ ನಿಲ್ಲಿಸುವುದಲ್ಲ. ವೈದ್ಯರ ಕಣ್ಣೆದುರಿನಲ್ಲೇ ಇನ್ನಷ್ಟು ಬ್ಯುಪ್ರೆನಾರ್ಫಿನ್ ಕೊಡುತ್ತಾ ಹೋದರೆ ಖಾಲಿ ಸೀಟುಗಳು ತುಂಬಿ ಶಮನವಾಗುತ್ತದೆ. ಜೊತೆಗೆ ವಾಂತಿಗೆ, ಭೇದಿಗೆ ಔಷಧಿ, ಬಿಪಿ ನೋಡಿಕೊಂಡು, ಹಿಂತೆಗೆತದ ಬೆವರು, ಚಡಪಡಿಕೆ ತಗ್ಗಿಸುವ ಕ್ಲೋನಿಡಿನ್ 0.1 ಮಿ.ಗ್ರಾಂ.

ಪರೀಕ್ಷೆಗಳ ವಿಷಯದಲ್ಲಿ ಮನೆಯವರು ಮೋಸ ಹೋಗುವುದು ಮೂತ್ರದ ಕಿಟ್ಟಿನಲ್ಲಿ. ಮಾರ್ಫಿನ್ ಪತ್ತೆ ಮಾಡುವ ಸಾಮಾನ್ಯ ಪರೀಕ್ಷಾ ಪಟ್ಟಿ (ಸ್ಟ್ರಿಪ್) ಟ್ರಮಡಾಲ್, ಟ್ಯಾಪೆಂಟಡಾಲ್‌ಗಳನ್ನು ತೋರಿಸುವುದಿಲ್ಲ. ‘ನೆಗೆಟಿವ್ ಬಂತಲ್ಲ’ ಎಂದು ನಿರಾಳವಾಗುವಂತಿಲ್ಲ. ಇನ್ನೊಂದು ಕಡೆ, ಹಬ್ಬದ ದಿನ ಗಸಗಸೆ ಪಾಯಸ ಚೆನ್ನಾಗಿ ಕುಡಿದವರಿಗೂ ಅದೇ ಪಟ್ಟಿ ಪಾಸಿಟಿವ್ ತೋರಿಸಬಹುದು. ಪಟ್ಟಿ ನೋಡಿ ಮಗನ ಕಪಾಳಕ್ಕೆ ಹೊಡೆಯುವ ಮುಂಚೆ ಇದು ಗೊತ್ತಿರಲಿ. ಸೂಜಿ ಬಳಸಿದವರಿಗೆ ಎಚ್‌ಐವಿ, ಹೆಪಟೈಟಿಸ್ ಬಿ, ಸಿ ಮೂರೂ ಮಾಡಿಸಲೇಬೇಕು. ಹೆಪಟೈಟಿಸ್ ಸಿಗೆ ಸರಕಾರಿ ಕೇಂದ್ರಗಳಲ್ಲಿ ಉಚಿತ ಮಾತ್ರೆ ಇದೆ, ಸಾಮಾನ್ಯವಾಗಿ 12 ವಾರ. ಹೆಪಟೈಟಿಸ್ ಬಿ ನೆಗೆಟಿವ್ ಇದ್ದರೆ 0, 1, 6ನೇ ತಿಂಗಳ ಲಸಿಕೆ. ನುಂಗುವ ಮಾತ್ರೆಯನ್ನು ಕರಗಿಸಿ ಚುಚ್ಚಿಕೊಂಡವರ ಕೈಕಾಲು ಬಟ್ಟೆ ಸರಿಸಿ ನೋಡಬೇಕು. ಅದರಲ್ಲಿನ ಅಂಟು, ಪುಡಿ ನೀರಲ್ಲಿ ಕರಗದೆ ರಕ್ತನಾಳ ಮುಚ್ಚುತ್ತದೆ, ಬಾವು ಕೀವಾಗುತ್ತದೆ. ಟ್ರಮಡಾಲ್ ನುಂಗುವವರನ್ನು ಫಿಟ್ಸ್ ಬಂದಿತ್ತೇ ಎಂದು ಕೇಳುತ್ತೇವೆ.

ದಿನಾ ಕುಡಿಯುವವರು, ಆಲ್‌ಪ್ರಜೋಲಾಮ್‌ನಂಥ ನಿದ್ದೆ ಮಾತ್ರೆಗೂ ಬಿದ್ದವರು ಬೇರೆ ಲೆಕ್ಕ. ಬ್ಯುಪ್ರೆನಾರ್ಫಿನ್ ಅವುಗಳ ಹಿಂತೆಗೆತ ತಡೆಯುವುದಿಲ್ಲ, ಜೊತೆ ಸೇರಿದರೆ ಉಸಿರು ನಿಲ್ಲುವ ಅಪಾಯ. ಇವರನ್ನು ಒಳರೋಗಿಯಾಗಿಯೇ ಸೇರಿಸಿಕೊಳ್ಳುತ್ತೇವೆ.

ಮೊದಲ ದಿನಗಳಲ್ಲಿ ಡೋಸು ದಿನವೂ ನಮ್ಮೆದುರಿಗೇ, ಆಮೇಲೆ ಮನೆಗೆ. ಇದು ಮೆಡಿಕಲ್ ಶಾಪಿನಲ್ಲಿ ಚೀಟಿ ತೋರಿಸಿ ಕೊಳ್ಳುವ ಮಾತ್ರೆಯಲ್ಲ, ಚಿಕಿತ್ಸಾ ಕೇಂದ್ರಗಳಲ್ಲೇ ಸಿಗುವಂಥದ್ದು. ಜಾತ್ರೆ, ಮದುವೆ, ಕೆಲಸ ಎಂದು ಊರಿಗೆ ಹೊರಡುವವರು ಮೊದಲೇ ಹೇಳಿ ಒಯ್ಯಬೇಕು. ಮಲಬದ್ಧತೆ ಅನೇಕರಿಗೆ ಬರುತ್ತದೆ. ಅದನ್ನು ಕೇಳದಿದ್ದರೆ ಅವರೂ ಹೇಳುವುದಿಲ್ಲ, ಸುಮ್ಮನೆ ಮಾತ್ರೆ ಬಿಡುತ್ತಾರೆ.

ಎರಡನೇ ವಾರಕ್ಕೆ ತಾಯಿಯ ಪ್ರಶ್ನೆ ಬಂದೇ ಬರುತ್ತದೆ: ‘ಒಂದು ಚಟ ಬಿಡಿಸೋಕೆ ಇನ್ನೊಂದು ಹಚ್ಚಿದ ಹಾಗಾಗಲ್ವಾ ಸಾರ್? ಯಾವಾಗ ನಿಲ್ಲಿಸ್ತೀರಿ?’ ‘ಅಮ್ಮಾ, ಮಗ ಕೆಲಸಕ್ಕೆ ಹೋಗ್ತಿದ್ದಾನಾ, ರಾತ್ರಿ ಮನೇಲಿ ಮಲಗ್ತಿದ್ದಾನಾ?’ ಎಂದು ನಾವು ಕೇಳುತ್ತೇವೆ. ಹಿಂತೆಗೆತ ಹತ್ತು ದಿನದಲ್ಲಿ ಮುಗಿಯುತ್ತದೆ, ಎಳೆತ ಮುಗಿಯುವುದಿಲ್ಲ. ಕನಿಷ್ಠ ಒಂದು ವರ್ಷ ಎಂದು ಮೊದಲ ದಿನವೇ ಬರೆದುಕೊಡುವುದು ಒಳ್ಳೆಯದು. ಮೂರು ತಿಂಗಳು ಕೂಡಿಹಾಕಿ ಔಷಧಿಯಿಲ್ಲದೆ ‘ಕ್ಲೀನ್’ ಮಾಡಿ ಕಳಿಸುವ ಕೇಂದ್ರಗಳ ಬಗ್ಗೆ ನಮ್ಮ ಆಕ್ಷೇಪ ಇದೇ: ಒಳಗಿದ್ದಷ್ಟು ಕಾಲ ಮೈಯ ತಾಳಿಕೆ ಇಳಿದುಹೋಗಿರುತ್ತದೆ, ಹೊರಬಂದವನು ಹಳೆಯ ಪ್ರಮಾಣವನ್ನೇ ತೆಗೆದುಕೊಳ್ಳುತ್ತಾನೆ, ಅಲ್ಲಿಗೆ ಪ್ರಾಣ ಹೋಗುತ್ತದೆ. ಜೈಲಿನಿಂದ ಬಂದ ಮೊದಲ ವಾರಗಳೂ ಹಾಗೆಯೇ.

ಅದಕ್ಕೇ ಮನೆಯವರಿಗೆ ಕಲಿಸುತ್ತೇವೆ: ಉಸಿರು ನಿಧಾನ, ಗೊರಗೊರ ಸದ್ದು, ತುಟಿ ನೀಲಿ, ಎಬ್ಬಿಸಿದರೂ ಏಳದಿರುವುದು ಕಂಡರೆ 108. ಉಸಿರಾಡುತ್ತಿದ್ದರೆ ಪಕ್ಕಕ್ಕೆ ಹೊರಳಿಸಿ ಮಲಗಿಸಬೇಕು, ಉಸಿರು ನಿಂತಿದ್ದರೆ ಬಾಯಿಗೆ ಬಾಯಿಟ್ಟು ಉಸಿರು ಕೊಡಬೇಕು. ಮಜ್ಜಿಗೆ, ನಿಂಬೆರಸ, ಉಪ್ಪುನೀರು ಕುಡಿಸಿದರೆ ಶ್ವಾಸಕೋಶಕ್ಕೇ ಹೋಗುತ್ತದೆ. ಆಸ್ಪತ್ರೆಯಲ್ಲಿ ನಲಾಕ್ಸೋನ್ ಕೊಟ್ಟ ಮೇಲೆ ಎದ್ದು ಕೂತರೂ ಕರೆದುಕೊಂಡು ಹೊರಡಬಾರದು. ಅದರ ಪರಿಣಾಮ ಒಂದೂವರೆ ಗಂಟೆಯೊಳಗೆ ಇಳಿಯುತ್ತದೆ, ಹೆರಾಯಿನ್ ಇನ್ನೂ ಉಳಿದಿರುತ್ತದೆ.

ಪೊಲೀಸ್ ಭಯದಿಂದ ಬಾರದವರೂ ಇದ್ದಾರೆ. 1985ರ ಎನ್‌ಡಿಪಿಎಸ್ (ಮಾದಕ ವಸ್ತು) ಕಾಯ್ದೆಯ 64ಎ ಕಲಮಿನ ಪ್ರಕಾರ, ಸೇವನೆ ಅಥವಾ ಅಲ್ಪ ಪ್ರಮಾಣದ ಪ್ರಕರಣದಲ್ಲಿ ತಾವಾಗಿ ಮಾನ್ಯತೆಯ ಕೇಂದ್ರದಲ್ಲಿ ಚಿಕಿತ್ಸೆ ಪಡೆಯುವ ವ್ಯಸನಿಗೆ ವಿಚಾರಣೆಯಿಂದ ರಕ್ಷಣೆ ಇದೆ. ಎಲ್ಲಿಗೆ ಹೋಗುವುದೆಂದು ತಿಳಿಯದಿದ್ದರೆ ಸಹಾಯವಾಣಿ 14446.

ಮಾತ್ರೆ ಇಳಿಸುವ ಹೊತ್ತು ಬಂದಾಗ ಎರಡರಿಂದ ನಾಲ್ಕು ವಾರಕ್ಕೆ 2 ಮಿ.ಗ್ರಾಂ. ಕಡಿಮೆ ಮಾಡುತ್ತಾ ಬರುತ್ತೇವೆ. 2ಕ್ಕೆ ಬಂದ ಮೇಲೆ ಚಿಕ್ಕ 0.4 ಮಾತ್ರೆಗಳಿಗೆ ಬದಲಿಸಿ ಒಂದೊಂದಾಗಿ ತೆಗೆಯುತ್ತೇವೆ. ಕೊನೆಯ ಈ ಸಣ್ಣ ಮೆಟ್ಟಿಲುಗಳಲ್ಲೇ ನಿದ್ದೆ ಕೆಡುವುದು, ಎಳೆತ ಮರಳುವುದು ಹೆಚ್ಚು. ಹಾಗಾದರೆ ಹಿಂದಿನ ಡೋಸಿಗೇ ವಾಪಸ್ ಹೋಗಿ ಎರಡು ತಿಂಗಳು ಅಲ್ಲೇ ನಿಲ್ಲಿಸಿ, ಮತ್ತೆ ಇಳಿಸುತ್ತೇವೆ.