ದಿನಾ ಒಂದೇ ಸಾರು ಮಾಡಬೇಡಿ

ನನ್ನ ತೌರು ಅರಸೀಕೆರೆ ಕಡೆ. ಮುದ್ದೆ, ಹುರುಳಿಕಾಳಿನ ಬಸ್ಸಾರು ಉಂಡು ಬೆಳೆದವಳು. ಮದುವೆಯಾಗಿ ಸಕಲೇಶಪುರದ ಕಡೆ ಬಂದ ಮೇಲೆ ಅಕ್ಕಿ ರೊಟ್ಟಿ, ಕಡುಬು, ಕೆಸುವಿನ ಸೊಪ್ಪು, ಕಳಲೆ ಎಲ್ಲ ಕಲಿತೆ. ಎರಡೂ ಸೀಮೆಯ ಅಡುಗೆ ಒಂದೇ ಒಲೆಯಲ್ಲಿ ಮಾಡುತ್ತಾ 40 ವರ್ಷ ಆಯಿತು.

ಇದನ್ನು ಬರೆಯಲು ಕಾರಣ ನಮ್ಮ ಭಾವನವರು. ಮಲದಲ್ಲಿ ರಕ್ತ ಹೋಗುತ್ತಿತ್ತು. ಮೂಲವ್ಯಾಧಿ ಇರಬೇಕು ಅಂತ ಆರು ತಿಂಗಳು ನಾಟಿ ಔಷಧಿ ತೆಗೆದುಕೊಂಡು ಯಾರಿಗೂ ಹೇಳದೆ ಸುಮ್ನೆ ಇದ್ದುಬಿಟ್ಟರು. ಕೊನೆಗೆ ನೋಡಿದರೆ ದೊಡ್ಡ ಕರುಳಿನ ಕ್ಯಾನ್ಸರ್. ಒಡಹುಟ್ಟಿದವರಿಗೆ ಬಂದಿದ್ದರೆ ಉಳಿದವರು 40 ವರ್ಷಕ್ಕೇ ತೋರಿಸಿಕೊಳ್ಳಬೇಕಂತೆ, ನಮ್ಮ ಯಜಮಾನರಿಗೆ ಆಗಲೇ 50 ದಾಟಿತ್ತು. ಕೊಲೊನೋಸ್ಕೋಪಿ, ಅಂದರೆ ಕ್ಯಾಮೆರಾ ಇರುವ ಕೊಳವೆ ಹಾಕಿ ದೊಡ್ಡ ಕರುಳು ನೋಡುವ ಪರೀಕ್ಷೆ, ಮಾಡಿದಾಗ ಒಂದು ಸಣ್ಣ ಗಂಟು ಸಿಕ್ಕಿತು, ಅಲ್ಲೇ ತೆಗೆದರು. ಇಂಥ ಗಂಟು ಕ್ಯಾನ್ಸರ್ ಆಗಲು ವರ್ಷಗಟ್ಟಲೆ ಬೇಕು, ಅದಕ್ಕೇ ಬೇಗ ನೋಡಿಸಿಕೊಂಡರೆ ಬಚಾವು. ರಕ್ತ ಕಂಡರೆ, ಮೂರು ವಾರವಾದರೂ ಹೊಟ್ಟೆ ಸರಿಹೋಗದಿದ್ದರೆ, ಕಾರಣವಿಲ್ಲದೆ ತೂಕ ಇಳಿದರೆ, ನಾಚಿಕೆ ಬಿಟ್ಟು ಡಾಕ್ಟರ ಹತ್ತಿರ ಹೋಗಿ.

ಇನ್ನು ಅಡುಗೆಮನೆ ವಿಷಯ. ಚೆನ್ನಾಗಿ ಉಣ್ಣುವವರಿಗೂ ಈ ಕಾಯಿಲೆ ಬರುತ್ತದೆ, ನಿಜ. ಆದರೆ ನಾರು ಜಾಸ್ತಿ ಇರುವ ಊಟದಿಂದ ಅಪಾಯ ಕಡಿಮೆಯಾಗುತ್ತದೆ. ಕರುಳಿನಲ್ಲಿರುವ ಒಳ್ಳೆಯ ಬ್ಯಾಕ್ಟೀರಿಯಾ ನಾರನ್ನು ತಿಂದು ಬ್ಯುಟಿರೇಟ್ ಅನ್ನುವ ಪದಾರ್ಥ ಮಾಡುತ್ತವೆ, ಕರುಳಿನ ಒಳಪದರಕ್ಕೆ ಅದೇ ಊಟ. ರಾಗಿಯ ನಾರು ಬೇರೆ, ಕಾಳಿನದು ಬೇರೆ, ಬಾಳೆದಿಂಡಿನದು ಬೇರೆ. ಅದಕ್ಕೇ ಬದಲಾಯಿಸಿ ಬದಲಾಯಿಸಿ ಮಾಡಿ ಅನ್ನುವುದು. 100 ಗ್ರಾಂ ರಾಗಿಯಲ್ಲಿ ಸುಮಾರು 11 ಗ್ರಾಂ ನಾರಿದೆ, ಪಾಲಿಶ್ ಅಕ್ಕಿಯಲ್ಲಿ 3 ಗ್ರಾಂ ಕೂಡ ಇಲ್ಲ. ದೊಡ್ಡವರಿಗೆ ದಿನಕ್ಕೆ 25 ಗ್ರಾಂ ಆದರೂ ಬೇಕು. ಜೊತೆಗೆ ಹಣ್ಣು ತರಕಾರಿ 400 ಗ್ರಾಂ ಅನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆ, ಆಲೂಗಡ್ಡೆ ಆ ಲೆಕ್ಕಕ್ಕೆ ಬರುವುದಿಲ್ಲ. ಆಲೂಗಡ್ಡೆ ಬೆಳೆಯುವ ನಮ್ಮ ಹಾಸನದವರು ಇದನ್ನು ಇನ್ನೊಂದು ಸಲ ಓದಿ.

ನಾನು ಮಾಡುವುದು ಇಷ್ಟೇ. ಹುರುಳಿ, ಹೆಸರು, ಅಲಸಂದೆ, ಕಡಲೆ, ಅವರೆ ಅಂತ ಐದು ಡಬ್ಬ ಸಾಲಾಗಿ ಇಟ್ಟಿದ್ದೇನೆ. ರಾತ್ರಿ ಮಲಗುವ ಮುಂಚೆ ಮೊದಲನೆಯದರಿಂದ ಒಂದು ಹಿಡಿ ನೆನೆಹಾಕಿ ಆ ಡಬ್ಬವನ್ನು ಸಾಲಿನ ಕೊನೆಗೆ ತಳ್ಳುತ್ತೇನೆ, ನಾಳೆ ಏನು ಮಾಡಲಿ ಅನ್ನುವ ಯೋಚನೆಯೇ ಇರುವುದಿಲ್ಲ. ಸಂತೆಯಲ್ಲಿ ಒಂದೇ ಸೊಪ್ಪಿನ ನಾಲ್ಕು ಕಟ್ಟು ತರಬೇಡಿ, ನಾಲ್ಕು ತರದ್ದು ತನ್ನಿ. ಬೆರಕೆ ಸೊಪ್ಪು ಸಿಕ್ಕರಂತೂ ಬಿಡಲೇಬೇಡಿ. ಬಾಳೆದಿಂಡನ್ನು ಬಿಲ್ಲೆ ಬಿಲ್ಲೆಯಾಗಿ ಹೆಚ್ಚುವಾಗ ಎಳೆಯನ್ನು ಬೆರಳಿಗೆ ಸುತ್ತಿ ತೆಗೆದು, ಮಜ್ಜಿಗೆ ನೀರಿಗೆ ಹಾಕಿಡಿ, ಕಪ್ಪಾಗುವುದಿಲ್ಲ. ಕೆಸುವಿಗೆ ಹುಣಸೆಹಣ್ಣು ಧಾರಾಳವಾಗಿ ಹಾಕಿ, ಇಲ್ಲದಿದ್ದರೆ ಗಂಟಲು ತುರಿಸುತ್ತದೆ.

ಬಗೆ ಬಗೆಯಾಗಿ ತಿನ್ನಿ ಅಂದರೆ ಬೆಳಿಗ್ಗೆ ಬನ್ನು, ಮಧ್ಯಾಹ್ನ ಪಫ್, ಸಂಜೆ ನೂಡಲ್ಸ್ ಅಂತಲ್ಲ. ಅದು ಮೂರು ಹೊತ್ತೂ ಮೈದಾ, ಅಲ್ವಾ? ಮೊಮ್ಮಕ್ಕಳು ಸಾಸೇಜು, ಸಲಾಮಿ ಕೇಳಿದರೆ ನಾನು ಖಂಡಿತ ತರುವುದಿಲ್ಲ. ಹೀಗೆ ಸಂಸ್ಕರಿಸಿದ ಮಾಂಸ ಕರುಳಿನ ಕ್ಯಾನ್ಸರಿಗೆ ಕಾರಣ ಅಂತ 2015ರಲ್ಲೇ ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ವಿಭಾಗ ಹೇಳಿದೆ. ದಿನಾ 50 ಗ್ರಾಂ ತಿಂದರೆ ಅಪಾಯ ಶೇಕಡಾ 18ರಷ್ಟು ಹೆಚ್ಚುತ್ತದೆ. ಕುರಿ, ಹಂದಿ ಮಾಂಸ ಬಿಡಿ ಅನ್ನುತ್ತಿಲ್ಲ, ಮಲೆನಾಡಿನಲ್ಲಿ ಆ ಮಾತು ಯಾರೂ ಕೇಳುವುದೂ ಇಲ್ಲ. ಆದರೆ ಒಬ್ಬರಿಗೆ ವಾರಕ್ಕೆ ಬೆಂದ ಮಾಂಸ ಅರ್ಧ ಕೆಜಿ ದಾಟದಿರಲಿ.

ಇಷ್ಟು ದಿನ ಬರೀ ಅನ್ನ ಉಂಡವರು ನಾಳೆಯೇ ಎಲ್ಲ ಬದಲಾಯಿಸಬೇಡಿ, ಹೊಟ್ಟೆ ಉಬ್ಬರಿಸುತ್ತದೆ. ಮೊದಲ ವಾರ ಅರ್ಧ ಮುದ್ದೆ, ಒಂದು ಸೌಟು ಕಾಳು ಸಾಕು, ನೀರು ಮಾತ್ರ ಚೆನ್ನಾಗಿ ಕುಡಿಯಿರಿ.